ರೋಗಿಗೂ ನಿಮಗೂ ಏನು ಸಂಬಂಧ?

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಸಿನಿಮಾ ಪುರವಣಿಯಲ್ಲಿ ಮರಾಠಿಯ ‘ಸಾಬರ್ ಬೋಂಡಾ’ ಚಿತ್ರದ ಕುರಿತು ಪ್ರಕಟವಾದ ಬರಹವನ್ನು ಎರಡು ಸಲ ಓದಿದೆ. ಜಿಲ್ಲಾ ಕೇಂದ್ರವೊಂದರಲ್ಲಿ ವಾಸವಾಗಿರುವ ನನ್ನಂಥವರಿಗೆ ಇಂಥದೊಂದು ಚಿತ್ರ ತೆರೆಗೆ ಬಂದಿದೆಯೆಂದು ತಿಳಿದದ್ದೇ ಆ ಬರಹದಿಂದ. ಅದಕ್ಕಾಗಿ ಲೇಖಕರಿಗೆ ಋಣಿಯಾಗಿದ್ದೇನೆ. ಆದರೂ ಈ ಪತ್ರ ಬರೆಯಬೇಕಾಯಿತು. ಅರ್ಧ ಪುಟದ ಆ ಬರಹದಲ್ಲಿ ‘ಸೂಕ್ಷ್ಮ ವಿಷಯ’ ಎಂಬ ಮಾತು ಮೂರು ಸಲ, ‘ದಿಟ್ಟ ಪ್ರಯತ್ನ’ ಎಂಬುದು ಎರಡು ಸಲ ಬಂದಿದೆ. ಚಿತ್ರದೊಳಗೆ ಯಾರು ಯಾರಿಗೆ ಏನು ಮಾಡುತ್ತಾರೆ, ಏನು ಉಣ್ಣುತ್ತಾರೆ, ಎಲ್ಲಿ ಮಲಗುತ್ತಾರೆ ಎಂಬುದು ಒಂದೂವರೆ ವಾಕ್ಯದಲ್ಲಿ ಮುಗಿದುಹೋಗಿದೆ. ಗೇ, ಎಂದರೆ ಸಲಿಂಗಿ, ಗಂಡಸರ ಬದುಕನ್ನು ಕುರಿತ ಇಂಥ ಸಣ್ಣ ಬಂಡವಾಳದ ಸ್ವತಂತ್ರ ಚಿತ್ರಗಳ ಬಗ್ಗೆ ಕನ್ನಡದಲ್ಲಿ ಬರೆಯುವವರು ಬಹುಮಟ್ಟಿಗೆ ಹೀಗೆಯೇ ಧೈರ್ಯಕ್ಕೆ ಅಂಕ ಕೊಟ್ಟು ಸಿನಿಮಾ ನೋಡುವುದನ್ನು ಮರೆಯುತ್ತಾರೆ. ಈ ಚಿತ್ರಗಳ ಹೆಚ್ಚುಗಾರಿಕೆ ಇರುವುದು ಅವು ದಿನನಿತ್ಯದ ಬದುಕನ್ನು, ಅದರಲ್ಲೂ ಗೆಳೆತನವನ್ನು, ಎಷ್ಟು ಹತ್ತಿರದಿಂದ ಕಂಡಿವೆ ಎಂಬುದರಲ್ಲಿ. ಅವುಗಳನ್ನು ಅಳೆಯಬೇಕಾದದ್ದೂ ಅದೇ ಅಳತೆಗೋಲಿನಿಂದ ಎಂಬುದು ನನ್ನ ತಕರಾರು.

ನನಗೆ 56 ವರ್ಷ. ಹಾಸನದಲ್ಲಿ ಅಂಗಡಿ ಮುಂಗಟ್ಟುಗಳ ಲೆಕ್ಕ ಬರೆಯುವ ಕೆಲಸ. ನಾನೂ ಗೇ. ಈ ಮಾತನ್ನು ಪತ್ರದ ಕೊನೆಯವರೆಗೆ ಬಚ್ಚಿಡುವುದಕ್ಕಿಂತ ಇಲ್ಲಿಯೇ ಹೇಳಿಬಿಡುವುದು ಓದುವವರಿಗೂ ಅನುಕೂಲ, ನನಗೂ ನಿರಾಳ.

ಮೊದಲು ಒಂದು ಸಣ್ಣ ತಿದ್ದುಪಡಿ. ಚಿತ್ರದ ಇಂಗ್ಲಿಷ್ ಹೆಸರು ‘ಕ್ಯಾಕ್ಟಸ್ ಪೇರ್ಸ್’ ಎಂದಿರುವುದರಿಂದ ನಿಮ್ಮ ಲೇಖಕರು ಅದನ್ನು ‘ಕಳ್ಳಿ ಪೇರು’ ಎಂದು ಕನ್ನಡಿಸಿದ್ದಾರೆ. ಅದು ಪೇರಲವೂ ಅಲ್ಲ, ಪೇರುವೂ ಅಲ್ಲ. ನಮ್ಮ ಅರಸೀಕೆರೆ, ಕಡೂರು ಸೀಮೆಯಲ್ಲಿ ಬೇಲಿಗುಂಟ ಬೆಳೆಯುವ ಪಾಪಾಸುಕಳ್ಳಿಯ ಹಣ್ಣು. ಕಣ್ಣಿಗೆ ಕಾಣದಷ್ಟು ಸಣ್ಣ ಮುಳ್ಳು ಮೈತುಂಬ ಇರುವುದರಿಂದ ಅದನ್ನು ಬರಿಗೈಯಲ್ಲಿ ಕೀಳುವಂತಿಲ್ಲ. ಕೋಲಿನಿಂದ ಕೆಡವಿ, ಮಣ್ಣಿನಲ್ಲಿ ಹೊರಳಿಸಿ, ಚಪ್ಪಲಿ ಕಾಲಲ್ಲಿ ಉಜ್ಜಿ ಮುಳ್ಳು ತೆಗೆದು ಸುಲಿದರೆ ಒಳಗೆ ಕಡುಗೆಂಪು ತಿರುಳು. ತಿಂದವನ ನಾಲಿಗೆ, ತುಟಿ, ಅಂಗಿಯ ತೋಳು ಎಲ್ಲವೂ ಕೆಂಪು. ಒಬ್ಬ ಹುಡುಗ ಇನ್ನೊಬ್ಬನಿಗಾಗಿ ಇದನ್ನು ಕಿತ್ತು ತಂದುಕೊಟ್ಟ ಎಂದರೆ ಬಯಲುಸೀಮೆಯಲ್ಲಿ ದನ ಕಾಯ್ದವರಿಗೆ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಚಿತ್ರದ ಹೆಸರಿನಲ್ಲೇ ಇರುವ ಈ ಸಂಗತಿ ಇಂಗ್ಲಿಷಿನ ದಾರಿಯಲ್ಲಿ ಸುತ್ತಿ ಬಂದು ನಮ್ಮ ಪುರವಣಿಯಲ್ಲಿ ಕಳೆದುಹೋಯಿತಲ್ಲ ಎಂದು ಬೇಸರವಾಯಿತು.

ರೋಹನ್ ಪರಶುರಾಮ್ ಕಾನವಡೆ ನಿರ್ದೇಶಿಸಿದ ಈ ಚಿತ್ರ 2025ರ ಜನವರಿಯಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದ ವಿಶ್ವ ಸಿನಿಮಾ ಕಥಾಚಿತ್ರ ವಿಭಾಗದಲ್ಲಿ ತೀರ್ಪುಗಾರರ ಅತ್ಯುನ್ನತ ಪ್ರಶಸ್ತಿ ಪಡೆಯಿತು. ನಿಮ್ಮ ಬರಹದಲ್ಲಿ ಈ ಪ್ರಶಸ್ತಿಗೇ ಒಂದು ಇಡೀ ಪ್ಯಾರಾ ಮೀಸಲಾಗಿದೆ. ಕಥೆಯಾದರೋ ಹೀಗಿದೆ: ಮುಂಬೈಯಲ್ಲಿ ಬದುಕುವ ಆನಂದನ ತಂದೆ ತೀರಿಕೊಳ್ಳುತ್ತಾರೆ. ತಾಯಿ, ಮಗ ಇಬ್ಬರೂ ಹತ್ತು ದಿನದ ಸೂತಕ ಕಳೆಯಲು ತಮ್ಮ ಹಳ್ಳಿಗೆ ಹೋಗುತ್ತಾರೆ. ಏನು ಉಡಬೇಕು, ಏನು ಉಣ್ಣಬಾರದು ಎಂಬ ಕಟ್ಟಳೆಗಳ ನಡುವೆಯೇ ನೆಂಟರ ಬಾಯಲ್ಲಿ ಆನಂದನ ಮದುವೆಯ ಮಾತು. ಅಲ್ಲಿ ಬಾಲ್ಯದ ಗೆಳೆಯ ಬಾಳ್ಯಾ ಇದ್ದಾನೆ. ಅವನಿಗೂ ಮದುವೆಯಾಗಿಲ್ಲ, ಅವನ ಮನೆಯಲ್ಲೂ ಅದೇ ಒತ್ತಾಯ. ಸೂತಕದ ಮನೆಯಿಂದ ಹೊಲದ ಕಡೆಗೆ, ಮರದ ನೆರಳಿನ ಕಡೆಗೆ ನಡೆಯುತ್ತ ಇಬ್ಬರೂ ಮತ್ತೆ ಹತ್ತಿರವಾಗುತ್ತಾರೆ. ಹಿನ್ನೆಲೆ ಸಂಗೀತವಿಲ್ಲ. ಕ್ಯಾಮೆರಾ ಬಹುಪಾಲು ಅಲುಗಾಡದೆ ನಿಂತು ನೋಡುತ್ತದೆ. ಛಾಯಾಗ್ರಹಣ ನಮ್ಮ ವಿಕಾಸ್ ಅರಸ್ ಅವರದು. ನಟೇಶ್ ಹೆಗಡೆಯವರ ಕನ್ನಡ ಚಿತ್ರ ‘ಪೆದ್ರೊ’ಗೆ ಕ್ಯಾಮೆರಾ ಹಿಡಿದವರೂ ಅವರೇ. ಕನ್ನಡದ ಪತ್ರಿಕೆಯೊಂದು ಹೇಳಲೇಬೇಕಾಗಿದ್ದ ಈ ಹೆಸರು ಬರಹದಲ್ಲಿ ಎಲ್ಲಿಯೂ ಇಲ್ಲ.

ಈ ಚಿತ್ರದಲ್ಲಿ ಯಾರೂ ‘ನಾನು ಇಂಥವನು’ ಎಂದು ಘೋಷಿಸಿ ಬಾಗಿಲು ಬಡಿದುಕೊಂಡು ಹೋಗುವುದಿಲ್ಲ. ತಾಯಿಗೆ ಮಗನ ವಿಷಯ ಮೊದಲೇ ಗೊತ್ತು. ಗೊತ್ತಿದ್ದೂ ನೆಂಟರ ಎದುರು ಏನು ಹೇಳಬೇಕು, ಎಷ್ಟು ಮುಚ್ಚಬೇಕು ಎಂದು ತಾಯಿ ಮಗ ಸೇರಿ ಲೆಕ್ಕ ಹಾಕುವುದರಲ್ಲೇ ಅವರಿಬ್ಬರ ಪ್ರೀತಿ ಕಾಣುತ್ತದೆ. ಸಾವಿನ ಮನೆಯಲ್ಲಿ ಮಾತಿಗಿಂತ ಕೆಲಸ ಹೆಚ್ಚು: ನೀರು ತರುವುದು, ಚಾಪೆ ಹಾಸುವುದು, ಬಂದವರನ್ನು ಕೂರಿಸುವುದು. ಆ ಕೆಲಸಗಳ ಸಂದಿಯಲ್ಲಿ ಇಬ್ಬರು ಗಂಡಸರ ನಡುವೆ ಮೂಡುವ ಸಲಿಗೆಯನ್ನು ‘ಸೂಕ್ಷ್ಮ ವಿಷಯ’ ಎಂದು ಕರೆದು ಪಕ್ಕಕ್ಕಿಡುವುದು, ಊಟಕ್ಕೆ ಕರೆದವರ ಮನೆಯಲ್ಲಿ ಎಲೆಯನ್ನು ಹೊಗಳಿ ಎದ್ದುಬಂದ ಹಾಗೆ.

ಇದನ್ನೆಲ್ಲ ಇಷ್ಟು ಒತ್ತಿ ಹೇಳಲು ಸ್ವಂತದ ಕಾರಣವೊಂದಿದೆ. 2019ರ ಒಂದು ರಾತ್ರಿ ನನ್ನ ಗೆಳೆಯನಿಗೆ ಎದೆನೋವು ಕಾಣಿಸಿಕೊಂಡಿತು. ಆತ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವನು, ಅರಸೀಕೆರೆ ಕಡೆಯವನು, ಒಂಟಿ. ಖಾಸಗಿ ಆಸ್ಪತ್ರೆಯೊಂದಕ್ಕೆ ಕರೆದೊಯ್ದೆ. ಸ್ಟೆಂಟ್ ಹಾಕಬೇಕು, ಒಪ್ಪಿಗೆ ಪತ್ರಕ್ಕೆ ಸಹಿ ಬೇಕು ಎಂದರು. ಕೌಂಟರಿನ ಹುಡುಗ ಫಾರಂ ಮೇಲೆ ಪೆನ್ನಿಟ್ಟುಕೊಂಡು, “ರೋಗಿಗೂ ನಿಮಗೂ ಏನು ಸಂಬಂಧ ಸಾರ್?” ಎಂದು ಕೇಳಿದ. “ಸ್ನೇಹಿತ” ಎಂದೆ. “ಸ್ನೇಹಿತರು ಆಗಲ್ಲ ಸಾರ್, ಮನೆಯವರು ಯಾರಾದ್ರೂ ಇದ್ರೆ ಕರೆಸಿ” ಎಂದ. ಮನೆಯವರು ಎಂದರೆ ನಮ್ಮ ಕಡೆ ಹೆಂಡತಿಯೂ ಹೌದು, ಗಂಡನೂ ಹೌದು. ಒಂದು ಕಾಲದಲ್ಲಿ ನಾವಿಬ್ಬರೂ ಒಬ್ಬರಿಗೊಬ್ಬರು ಅದೇ ಆಗಿದ್ದೆವು. ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದು, ಜಗಳವಾಡಿ ಬೇರೆಯಾಗಿ, ಎರಡು ವರ್ಷ ಮಾತುಬಿಟ್ಟು, ಆಮೇಲಿನ ಇಪ್ಪತ್ತು ವರ್ಷಗಳಿಂದ ಗೆಳೆಯರಾಗಿದ್ದೇವೆ. ಇದನ್ನು ಆ ಹುಡುಗನ ಫಾರಂನಲ್ಲಿದ್ದ ಒಂದು ಅಂಗುಲದ ಗೆರೆಯ ಮೇಲೆ ಬರೆಯುವುದು ಹೇಗೆ? ತಿಪಟೂರಿನಿಂದ ಅವನ ಅಕ್ಕನ ಮಗ ಬಾಡಿಗೆ ಕಾರಿನಲ್ಲಿ ಬಂದು ಸಹಿ ಹಾಕುವಾಗ ಬೆಳಗಿನ ಜಾವ ಮೂರೂವರೆ. ಮಾವನಿಗೆ ಸಕ್ಕರೆ ಕಾಯಿಲೆ ಇದೆಯೇ, ಯಾವ ಮಾತ್ರೆ ನುಂಗುತ್ತಾರೆ ಎಂದು ಡಾಕ್ಟರು ಕೇಳಿದ್ದಕ್ಕೆ ಪಾಪ, ಆ ಹುಡುಗ ನನ್ನ ಮುಖ ನೋಡಿದ. ಮಾತ್ರೆಗಳ ಹೆಸರು, ಬೆಳಿಗ್ಗೆ ಎಷ್ಟು, ರಾತ್ರಿ ಎಷ್ಟು ಎಂಬುದನ್ನೆಲ್ಲ ನಾನು ಹೇಳಿದೆ, ಅವನು ಸಹಿ ಹಾಕಿದ.

‘ಸಾಬರ್ ಬೋಂಡಾ’ ಆಸ್ಪತ್ರೆಯಿಂದಲೇ ಆರಂಭವಾಗುತ್ತದೆ. ಥಿಯೇಟರಿನ ಕತ್ತಲಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು ಅದನ್ನು ನೋಡಿದೆವು.

ಪ್ರೇಮಿಗಳಾಗಿದ್ದವರು ಕಡೆಗೆ ಗೆಳೆಯರಾಗಿ ಉಳಿಯುವುದು ಗೇ ಗಂಡಸರ ನಡುವೆ ಎಷ್ಟು ಸಾಮಾನ್ಯವೆಂಬುದು ನಮ್ಮೊಳಗಿನ ಎಲ್ಲರಿಗೂ ಗೊತ್ತು. ಹೊರಗಿನವರಿಗೆ ಅದು ಗೊತ್ತಾಗಲು ದಾರಿಯೇ ಇಲ್ಲ, ಏಕೆಂದರೆ ಸಿನಿಮಾಗಳಲ್ಲಿ ಅದು ಅಪರೂಪ. ಪ್ರೇಮ ಕೂಡಿಬಂದರೆ ಒಂದು ಬಗೆಯ ಸಿನಿಮಾ, ಮುರಿದುಬಿದ್ದರೆ ಇನ್ನೊಂದು ಬಗೆಯದು. ಮುರಿದ ಮೇಲೆ ಇಪ್ಪತ್ತು ವರ್ಷ ಯಾರು ಯಾರಿಗೆ ಗಂಜಿ ಕಾಯಿಸಿಕೊಟ್ಟರು ಎಂಬುದು ಯಾವ ಬಗೆಯಲ್ಲೂ ಬರುವುದಿಲ್ಲ. ನಮ್ಮದು ನಾಲ್ವರ ಗುಂಪು. ಕಂಡಕ್ಟರ್, ನಾನು, ಒಬ್ಬ ಟೈಲರ್, ಒಬ್ಬ ಕಾಲೇಜು ಉಪನ್ಯಾಸಕ. ಶನಿವಾರ ಸಂಜೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತೇವೆ. ಚಪಾತಿ, ಸಾಗು, ಇಸ್ಪೀಟು, ಸಾಗುವಿಗೆ ಉಪ್ಪು ಹೆಚ್ಚಾಯಿತೆಂಬ ಜಗಳ. ಟೈಲರ್‌ಗೆ ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆ; ಅವನು ಎಂಟು ಗಂಟೆಗೆಲ್ಲ ಎದ್ದು ಹೊರಡುತ್ತಾನೆ, ಉಳಿದವರು ತಡೆಯುವುದಿಲ್ಲ. ಕೆಲವು ವರ್ಷಗಳ ಹಿಂದೆ ಪರಿಚಯದ ಯುವಕನೊಬ್ಬ ಈ ಶನಿವಾರಗಳನ್ನೇ ಇಟ್ಟುಕೊಂಡು ಕಿರುಚಿತ್ರಕ್ಕೆಂದು ಚಿತ್ರಕಥೆ ಬರೆದು, ಹಣ ಹಾಕುವವರನ್ನು ಹುಡುಕಿಕೊಂಡು ಬೆಂಗಳೂರಿನಲ್ಲಿ ಅಲೆದ. “ಇದರಲ್ಲಿ ಕಥೆ ಎಲ್ಲಿದೆ? ಕೊನೆಗೆ ಒಬ್ಬನಾದರೂ ಸಾಯಬೇಕಲ್ಲವಾ?” ಎಂದು ಒಬ್ಬರು ಕೇಳಿದರಂತೆ. ಅವನು ಬಂದು ಇದನ್ನು ವರದಿ ಮಾಡಿದ ಶನಿವಾರ, ಸಾಯುವವರು ಯಾರಾಗಬೇಕೆಂದು ನಮ್ಮಲ್ಲಿ ಚೀಟಿ ಎತ್ತಲಾಯಿತು. ಟೈಲರ್ ಹೆಸರು ಬಂತು; ದಸರಾ ಸೀಸನ್ ಮುಗಿಯಲಿ ಎಂದು ಅವನು ಗಡುವು ಕೇಳಿದ.

ಭಾರತದಲ್ಲಿ ಈ ಬಗೆಯ ಚಿತ್ರಗಳ ಚರಿತ್ರೆ ತೀರ ಚಿಕ್ಕದೇನಲ್ಲ. 1996ರಲ್ಲಿ ರಿಯಾದ್ ವಾಡಿಯಾ ಅವರು ಆರ್. ರಾಜ್ ರಾವ್ ಅವರ ಕವಿತೆಗಳನ್ನು ಆಧರಿಸಿ ‘ಬೊಂಬ್‌ಗೇ’ ಎಂಬ ಕಿರುಚಿತ್ರ ಮಾಡಿದರು. ಶ್ರೀಧರ್ ರಂಗಾಯನ್ ಅವರ 2003ರ ‘ಗುಲಾಬಿ ಆಯಿನಾ’ಕ್ಕೆ ಸೆನ್ಸಾರ್ ಮಂಡಳಿ ಪ್ರಮಾಣಪತ್ರವನ್ನೇ ನಿರಾಕರಿಸಿತು. ಓನಿರ್ ಅವರ ‘ಐ ಆ್ಯಮ್’ ನೂರಾರು ಜನರಿಂದ ಪುಡಿಗಾಸು ಕೂಡಿಸಿ ತಯಾರಾಗಿ, ಆಮೇಲೆ ಅತ್ಯುತ್ತಮ ಹಿಂದಿ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಪಡೆಯಿತು. ಕಾನೂನಿನ ಏರಿಳಿತವೂ ಇದರ ಜೊತೆಗೇ ಸಾಗಿತು: ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ದಂಡಸಂಹಿತೆಯ 377ನೇ ಸೆಕ್ಷನ್ ವಯಸ್ಕರ ಖಾಸಗಿ ಬದುಕಿಗೆ ಅನ್ವಯಿಸದು ಎಂದು 2009ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು, 2013ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು, 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟ್ ತನ್ನ ತೀರ್ಪನ್ನು ತಿದ್ದಿಕೊಂಡಿತು. ಅಪರಾಧಿಯೆಂಬ ಪಟ್ಟ ಹೊತ್ತಿದ್ದ ಆ ವರ್ಷಗಳಲ್ಲಿ ಸಿನಿಮಾಗಳು ಪೊಲೀಸು, ಬೆದರಿಕೆ, ಕಾಯಿಲೆ, ಸಾವುಗಳ ಸುತ್ತ ಹೆಚ್ಚಾಗಿ ತಿರುಗಿದ್ದರಲ್ಲಿ ಆಶ್ಚರ್ಯವಿಲ್ಲ. ಆ ಹೆದರಿಕೆ ನಿಜವಾದದ್ದೇ. ಹಾಸನದ ಬಸ್ ನಿಲ್ದಾಣದಲ್ಲಿ ಖಾಕಿ ಕಂಡರೆ ಕಾಲು ತಾನಾಗಿ ಬೇರೆ ಕಡೆ ತಿರುಗುತ್ತಿದ್ದ ದಿನಗಳನ್ನು ನಾನೂ ಕಂಡಿದ್ದೇನೆ.

ಆ ಸಾಲಿನಲ್ಲಿ ನನಗೆ ಬೇರೆಯಾಗಿಯೇ ಕಾಣುವುದು ಹನ್ಸಲ್ ಮೆಹ್ತಾ ಅವರ ‘ಅಲಿಗಢ್’. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯದಲ್ಲಿ ಮರಾಠಿ ಪ್ರಾಧ್ಯಾಪಕರಾಗಿದ್ದ ರಾಮಚಂದ್ರ ಸಿರಸ್ ಅವರ ಮನೆಗೆ ಕ್ಯಾಮೆರಾ ಹಿಡಿದು ನುಗ್ಗಿದವರಿಂದಾಗಿ 2010ರ ಫೆಬ್ರವರಿಯಲ್ಲಿ ಅವರು ಅಮಾನತುಗೊಂಡರು. ಅಲಹಾಬಾದ್ ಹೈಕೋರ್ಟ್ ಅಮಾನತಿಗೆ ತಡೆ ನೀಡಿದ ಕೆಲವೇ ದಿನಗಳಲ್ಲಿ, ಅದೇ ಏಪ್ರಿಲ್‌ನಲ್ಲಿ, ತೀರಿಕೊಂಡರು. ಘಟನೆ ಇಷ್ಟು ಘೋರವಾಗಿದ್ದರೂ ಚಿತ್ರದ ಜೀವಾಳವಿರುವುದು ಬೇರೆ ಎರಡು ಕಡೆ. ಒಂದು, ಮನೋಜ್ ಬಾಜಪೇಯಿ ಅಭಿನಯಿಸಿದ ಆ ವೃದ್ಧ ಪ್ರಾಧ್ಯಾಪಕರು ಸಂಜೆ ಬಾಗಿಲು ಹಾಕಿಕೊಂಡು, ಗ್ಲಾಸಿನಲ್ಲಿ ಒಂದಿಷ್ಟು ವಿಸ್ಕಿ ಇಟ್ಟುಕೊಂಡು, ಲತಾ ಮಂಗೇಶ್ಕರ್ ಹಾಡು ಕೇಳುತ್ತ ತಾವೂ ಗುನುಗುತ್ತ ಕೂರುವ ದೃಶ್ಯ. ಕಥೆ ಅಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಒಂಟಿ ಮನುಷ್ಯನ ಸಂಜೆ ಎಷ್ಟು ಉದ್ದವೋ ಆ ದೃಶ್ಯವೂ ಅಷ್ಟು ಉದ್ದ. ಇನ್ನೊಂದು, ಸುದ್ದಿಯ ಬೆನ್ನುಹತ್ತಿ ಬಂದ ಎಳೆಯ ವರದಿಗಾರನಿಗೂ ಅವರಿಗೂ ಬೆಳೆಯುವ ಸ್ನೇಹ. ಆ ಹುಡುಗ ಗೇ ಅಲ್ಲ. ಅವರಿಬ್ಬರ ನಡುವೆ ವಯಸ್ಸು, ಭಾಷೆ, ವೃತ್ತಿ ಯಾವುದೂ ಒಂದಲ್ಲ. ಆದರೂ ಮೇಷ್ಟರು ಕವಿತೆ ಹೇಳಿದರೆ ಅವನು ಕೇಳಿಸಿಕೊಳ್ಳುತ್ತಾನೆ. ಗೇ ಎಂಬ ಮೂರು ಇಂಗ್ಲಿಷ್ ಅಕ್ಷರಗಳಲ್ಲಿ ತಮ್ಮ ಭಾವನೆಗಳು ಹಿಡಿಸುವುದಾದರೂ ಹೇಗೆ ಎಂದು ಸಿರಸ್ ಅವನಿಗೆ ಹೇಳುವ ಮಾತು ನನಗೆ ಬಹಳ ದಿನ ಕಾಡಿತು.

ಮಾತು ಪದದ ಕಡೆ ಹೊರಳಿದ್ದರಿಂದ ಪತ್ರಿಕೆಗೆ ಒಂದು ಕೋರಿಕೆ. ನಿಮ್ಮಲ್ಲಿ ಈಗಲೂ ‘ಸಲಿಂಗಕಾಮಿ’ ಎಂದೇ ಅಚ್ಚಾಗುತ್ತದೆ. ಮದುವೆಯಾದ ಗಂಡಸನ್ನು ಯಾವ ಪತ್ರಿಕೆಯೂ ‘ವಿಲಿಂಗಕಾಮಿ’ ಎಂದು ಬರೆಯುವುದಿಲ್ಲ. ಅವನ ಕಾಮ ಸುದ್ದಿಯ ಭಾಗವೇ ಅಲ್ಲ. ನಮ್ಮನ್ನು ಕುರಿತ ಪದದಲ್ಲಿ ಮಾತ್ರ ಅದು ಬಾಲದಂತೆ ಅಂಟಿಕೊಂಡಿದೆ. ‘ಸಲಿಂಗಿ’ ಎಂದರೆ ಸಾಕು, ‘ಗೇ’ ಎಂದರೂ ಆಗುತ್ತದೆ. ನಮ್ಮಲ್ಲಿನ ಬಗೆಬಗೆಯವರನ್ನು ಕರೆಯಲು ಬೆಂಗಳೂರಿನ ಪಾರ್ಕುಗಳಲ್ಲಿ ಬೆಳೆದ ‘ಕೋಥಿ’, ‘ಡಬಲ್ ಡೆಕ್ಕರ್’ ಮುಂತಾದ ಪದಗಳು ನಮ್ಮ ನಮ್ಮೊಳಗಿನವು, ಅವನ್ನು ಪತ್ರಿಕೆ ಬಳಸಬೇಕೆಂದು ನಾನು ಕೇಳುವುದಿಲ್ಲ. ಅಚ್ಚಿನಲ್ಲಿ ಅವು ಕೋತಿಯಾಗಿ ಮರ ಹತ್ತಿಬಿಡುವ ಅಪಾಯವೂ ಇದೆ. ಅಂದಹಾಗೆ, ಗೇಯುವುದು ಎಂದರೆ ನಮ್ಮ ಹಳೆ ಮೈಸೂರಿನ ಕನ್ನಡದಲ್ಲಿ ದುಡಿಯುವುದು. ಈ ಅರ್ಥದಲ್ಲಿಯಾದರೂ ನಾವು ನಾಲ್ವರೂ ಹದಿನೆಂಟನೇ ವರ್ಷದಿಂದ ಗೇಯುತ್ತಲೇ ಇದ್ದೇವೆ.

ಎಲ್ಲ ಸ್ವತಂತ್ರ ಚಿತ್ರಗಳೂ ಚೆನ್ನಾಗಿರುತ್ತವೆ ಎಂದು ವಾದಿಸಲು ನಾನು ಹೊರಟಿಲ್ಲ. ನಗರದ ಸ್ಥಿತಿವಂತರ ಫ್ಲ್ಯಾಟು, ವೈನು, ವಿದೇಶದಿಂದ ಬಂದ ಪ್ರಿಯಕರ, ಗಿಟಾರು ಇವನ್ನೇ ಸುತ್ತುವ ಚಿತ್ರಗಳು ಹಲವು ಇವೆ. ಅವುಗಳಲ್ಲಿ ಯಾರಿಗೂ ಜಾತಿಯಿಲ್ಲ, ಬಾಡಿಗೆ ಬಾಕಿಯಿಲ್ಲ, ಪಡಿತರ ಚೀಟಿಯಿಲ್ಲ. ಸುಧಾಂಶು ಸರಿಯಾ ಅವರ ‘ಲವ್’ ಹೊರನೋಟಕ್ಕೆ ಅಂಥದೇ ಲೋಕದ್ದಾದರೂ, ಮಹಾಬಲೇಶ್ವರಕ್ಕೆ ಹೊರಟ ಇಬ್ಬರು ಹಳೆಯ ಗೆಳೆಯರಲ್ಲಿ ಸ್ನೇಹ ಯಾವುದು, ಆಸೆ ಯಾವುದು, ಬಲವಂತ ಯಾವುದು ಎಂಬ ಗೆರೆಗಳು ಹೇಗೆ ಕಲಸಿಹೋಗುತ್ತವೆ ಎಂಬುದನ್ನು ಮುಲಾಜಿಲ್ಲದೆ ತೋರಿಸಿದ್ದರಿಂದ ಉಳಿದುಕೊಂಡಿತು. ಇಂಗ್ಲೆಂಡಿನ ಆಂಡ್ರ್ಯೂ ಹೇಗ್ ಅವರ 2011ರ ‘ವೀಕೆಂಡ್’ ಚಿತ್ರವನ್ನು ಇಲ್ಲಿ ನೆನೆಯಬೇಕು. ನಾಟಿಂಗ್‌ಹ್ಯಾಮ್ ಊರಿನ ಈಜುಕೊಳವೊಂದರಲ್ಲಿ ಕಾವಲಿಗಿರುವ ಯುವಕ, ಶುಕ್ರವಾರ ರಾತ್ರಿ ಪರಿಚಯವಾದ ಇನ್ನೊಬ್ಬನ ಜೊತೆ ಭಾನುವಾರದವರೆಗೆ ಕಳೆಯುವ ಹೊತ್ತು; ಅಷ್ಟೇ ಕಥೆ. ಎಲ್ಲರೂ ಅದರ ಪ್ರೇಮವನ್ನು ಹೊಗಳುತ್ತಾರೆ. ನನಗೆ ಇಷ್ಟವಾದವನು ಆ ಯುವಕನ ಬಾಲ್ಯದ ಗೆಳೆಯ, ಹೆಂಡತಿ ಮಕ್ಕಳಿರುವ ಸಂಸಾರಸ್ಥ. ಮಗಳ ಹುಟ್ಟುಹಬ್ಬದ ಗದ್ದಲದ ನಡುವೆ ಗೆಳೆಯನ ಮುಖ ನೋಡಿ ಏನೋ ಆಗಿದೆಯೆಂದು ತಿಳಿದುಕೊಂಡು, ಪಾರ್ಟಿಯನ್ನು ಅಲ್ಲಿಗೇ ಬಿಟ್ಟು ಅವನನ್ನು ರೈಲು ನಿಲ್ದಾಣಕ್ಕೆ ತಾನೇ ಕಾರಿನಲ್ಲಿ ಮುಟ್ಟಿಸುತ್ತಾನೆ. ಭಾಷಣವಿಲ್ಲ, ತಬ್ಬಿಕೊಂಡು ಕಣ್ಣೀರಿಡುವುದಿಲ್ಲ. ನಮ್ಮ ಸಿನಿಮಾದ ‘ದೋಸ್ತಿ’ಗಳಲ್ಲಿ ಪ್ರಾಣ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ, ಸ್ಟೇಷನ್ನಿಗೆ ಬಿಡುವವರು ಕಡಿಮೆ.

ಕನ್ನಡದ ಪಾಲು ಇದರಲ್ಲಿ ಎಷ್ಟು? ಸಾಹಿತ್ಯದಲ್ಲಿ ವಸುಧೇಂದ್ರರ ‘ಮೋಹನಸ್ವಾಮಿ’ 2013ರಲ್ಲೇ ಬಂದು, ಅಡುಗೆ ಮಾಡಿ ಬಡಿಸುವ, ಸಂಗಾತಿ ಬೇರೆ ಮದುವೆಯಾದಾಗ ಸಂಕಟಪಡುವ ಸಲಿಂಗಿಯೊಬ್ಬನನ್ನು ಸಾವಿರಾರು ಮನೆಗಳ ಒಳಗೆ ಕರೆದುಕೊಂಡು ಹೋಯಿತು. ಸಿನಿಮಾ ಆ ಹೊತ್ತಿಗೆ ಬಿ.ಎಸ್. ಲಿಂಗದೇವರು ಅವರ ‘ನಾನು ಅವನಲ್ಲ ಅವಳು’ ಕೊಟ್ಟಿತು, ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಆದರೆ ಅದು ತೃತೀಯ ಲಿಂಗಿ ಹೆಣ್ಣೊಬ್ಬಳ ಕಥೆ, ಗೇ ಗಂಡಸಿನದಲ್ಲ. ಎರಡನ್ನೂ ಒಂದೇ ಎಂದು ತಿಳಿಯುವವರು ಇನ್ನೂ ಇರುವುದರಿಂದ ಈ ಮಾತು ಹೇಳಬೇಕಾಗಿದೆ. ನಮ್ಮ ನೆಲಕ್ಕೆ ಅತಿ ಹತ್ತಿರ ಬಂದದ್ದು ‘ಈವ್ನಿಂಗ್ ಶ್ಯಾಡೋಸ್’. ಮುಂಬೈಯಲ್ಲಿ 2010ರಿಂದ ಸಲಿಂಗಿ, ತೃತೀಯ ಲಿಂಗಿಗಳ ಬದುಕಿನ ಚಿತ್ರಗಳಿಗಾಗಿ ‘ಕಶಿಶ್’ ಚಿತ್ರೋತ್ಸವ ನಡೆಸಿಕೊಂಡು ಬಂದಿರುವ ಶ್ರೀಧರ್ ರಂಗಾಯನ್ ಹುಟ್ಟಿದ್ದು ಮಂಡ್ಯದಲ್ಲಿ. ಅವರು ನಿರ್ದೇಶಿಸಿದ 2018ರ ಈ ಚಿತ್ರದ ಕಥೆ ನಡೆಯುವುದು ಶ್ರೀರಂಗಪಟ್ಟಣದಲ್ಲಿ. ಊರಿಗೆ ಬಂದ ಮಗ ತಾನು ಗೇ ಎಂದು ತಾಯಿಗೆ ಹೇಳುತ್ತಾನೆ. ತಾಯಿ ಅದನ್ನು ನುಂಗಿಕೊಳ್ಳಲು ಪಡುವ ಪಾಡು, ಸಂಪ್ರದಾಯಸ್ಥ ಗಂಡನ ಎದುರು ಮೊದಲ ಬಾರಿ ತಲೆಯೆತ್ತುವುದು, ಇವು ಚಿತ್ರದ ತಿರುಳು. ಮೋನಾ ಅಂಬೇಗಾಂವ್‌ಕರ್ ಆ ತಾಯಿಯಾಗಿ ಬಹಳ ಚೆನ್ನಾಗಿ ಅಭಿನಯಿಸಿದ್ದಾರೆ. ಆದರೆ ಶ್ರೀರಂಗಪಟ್ಟಣದ ಆ ತಾಯಿ ಆಡುವುದು ಹಿಂದಿ. ಮಾರುಕಟ್ಟೆ, ಹಣ ಇವುಗಳ ಒತ್ತಡ ನನಗೆ ಅರ್ಥವಾಗುತ್ತದೆ, ನಿರ್ದೇಶಕರನ್ನು ದೂರುತ್ತಿಲ್ಲ. “ಯಾಕೋ ಮಗಾ, ಊಟ ಬಿಟ್ಟೆ?” ಎಂದು ಆ ತಾಯಿ ಮಂಡ್ಯದ ಕನ್ನಡದಲ್ಲಿ ಕೇಳಿದ್ದರೆ ಹೇಗಿರುತ್ತಿತ್ತು ಎಂದು ನೋಡುವಾಗೆಲ್ಲ ಅನ್ನಿಸುತ್ತಿತ್ತು, ಅಷ್ಟೇ. ಮಲಯಾಳದಲ್ಲಿ ಮಮ್ಮುಟ್ಟಿಯಂಥ ತಾರೆ 2023ರಲ್ಲಿ ಮದುವೆಯಾದ ಗೇ ಗಂಡಸೊಬ್ಬನ ಕಥೆಯಾದ ‘ಕಾದಲ್’ ಚಿತ್ರವನ್ನು ತಮ್ಮ ಸಂಸ್ಥೆಯಿಂದಲೇ ನಿರ್ಮಿಸಿ ತಾವೇ ನಟಿಸಿದರು. ನಮ್ಮಲ್ಲಿ ಅಂಥ ತಾರೆ ಮುಂದೆ ಬರಲಿ ಎಂದು ಕಾಯುತ್ತ ಕೂರುವುದರಲ್ಲಿ ನನಗೆ ನಂಬಿಕೆಯಿಲ್ಲ. ಕಡಿಮೆ ಹಣದಲ್ಲಿ, ಹೊಸ ಮುಖಗಳಿಂದ, ನಮ್ಮ ಊರಿನ ಭಾಷೆಯಲ್ಲಿ ಆಗಬೇಕಾದ ಕೆಲಸ ಇದು. ‘ಪೆದ್ರೊ’ದಂಥ ಚಿತ್ರ ಮಾಡಬಲ್ಲವರು ನಮ್ಮಲ್ಲೇ ಇದ್ದಾರೆ.

ಮಾಡುವುದು ಒಂದು, ತೋರಿಸುವುದು ಇನ್ನೊಂದು. ‘ಸಾಬರ್ ಬೋಂಡಾ’ 2025ರ ಸೆಪ್ಟೆಂಬರ್ 19ರಂದು ದೇಶದಲ್ಲಿ ಬಿಡುಗಡೆಯಾಯಿತು. ಹಾಸನಕ್ಕೆ ಬರಲಿಲ್ಲ. ಕಂಡಕ್ಟರ್ ಗೆಳೆಯನನ್ನು ಕರೆದುಕೊಂಡು ಬೆಂಗಳೂರಿನ ಮಲ್ಟಿಪ್ಲೆಕ್ಸ್ ಒಂದಕ್ಕೆ ಹೋದೆ. ದಿನಕ್ಕೆ ಒಂದೇ ಪ್ರದರ್ಶನ, ಅದೂ ಕಚೇರಿಗೆ ಹೋಗುವವರು ಬರಲಾಗದ ಹೊತ್ತಿನಲ್ಲಿ. ನಮ್ಮನ್ನೂ ಸೇರಿಸಿ ಹನ್ನೊಂದು ಜನ. ಮಾತು ಮರಾಠಿ, ಅಡಿಬರಹ ಇಂಗ್ಲಿಷ್. ಗೆಳೆಯನಿಗೆ ಹುಬ್ಬಳ್ಳಿ ಡಿಪೊದಲ್ಲಿದ್ದಾಗ ಕಲಿತ ಅಲ್ಪಸ್ವಲ್ಪ ಮರಾಠಿ ಇದೆ, ಇಂಗ್ಲಿಷ್ ಅಡಿಬರಹದ ಓಟಕ್ಕೆ ಅವನ ಕಣ್ಣು ಹೊಂದುವುದಿಲ್ಲ. ಅವನ ಕಿವಿಯ ಹತ್ತಿರ ಬಾಗಿ ಕನ್ನಡದಲ್ಲಿ ಪಿಸುಗುಟ್ಟುತ್ತ ಹೋದೆ. ಹದಿನೈದು ನಿಮಿಷಕ್ಕೆ ಮುಂದಿನ ಸಾಲಿನ ಯುವಕ ತಿರುಗಿ ನೋಡಿದ, ಇನ್ನೊಂದು ಹದಿನೈದು ನಿಮಿಷಕ್ಕೆ “ಪ್ಲೀಸ್ ಅಂಕಲ್” ಎಂದ. ಅವನ ತಪ್ಪಿಲ್ಲ. ಹಿನ್ನೆಲೆ ಸಂಗೀತವಿಲ್ಲದ ಚಿತ್ರದಲ್ಲಿ ನನ್ನ ಪಿಸುಮಾತೂ ಸಾಕಷ್ಟು ಜೋರಾಗಿಯೇ ಕೇಳಿಸಿರಬೇಕು. ಸುಮ್ಮನಾದೆ.

ಆದ್ದರಿಂದ ನನ್ನ ಕೇಳಿಕೆ ದೊಡ್ಡದಲ್ಲ. ಹೊರ ಭಾಷೆಯ ಇಂಥ ಚಿತ್ರಗಳಿಗೆ ಕನ್ನಡದ ಅಡಿಬರಹ ಬೇಕು. ಕನ್ನಡ ಚಿತ್ರಗಳಿಗಾಗಿ ಸರ್ಕಾರವೇ ಒಟಿಟಿ ವೇದಿಕೆಯೊಂದನ್ನು ರೂಪಿಸುವುದಾಗಿ 2025ರ ಮಾರ್ಚ್ ತಿಂಗಳ ಬಜೆಟ್ಟಿನಲ್ಲಿ ಮುಖ್ಯಮಂತ್ರಿಗಳು ಪ್ರಕಟಿಸಿದ್ದರು. ಅದು ಕಾರ್ಯರೂಪಕ್ಕೆ ಬರುವಾಗ ನಾಲ್ಕು ಜನ ಹೊಸಬರ ಕಿರುಚಿತ್ರಗಳಿಗೂ ಅಲ್ಲಿ ಜಾಗವಿರಲಿ, ಆಯ್ಕೆ ಮಾಡುವವರು ‘ಕುಟುಂಬ ಸಮೇತ ನೋಡುವಂಥದು’ ಎಂಬ ಜರಡಿ ಹಿಡಿದು ಕೂರದಿರಲಿ. ನಾವೂ ಯಾರದೋ ಕುಟುಂಬದವರೇ. ಬೆಂಗಳೂರಿನಲ್ಲಿ ಒಂದು ದಶಕಕ್ಕೂ ಹೆಚ್ಚು ಕಾಲದಿಂದ ಕ್ವಿಯರ್ (ಸಲಿಂಗಿ, ತೃತೀಯ ಲಿಂಗಿ ಮುಂತಾದವರ) ಚಿತ್ರೋತ್ಸವ ನಡೆಯುತ್ತ ಬಂದಿದೆ, ಕಾರ್ಯಕರ್ತರು ಸ್ವಂತ ದುಡಿಮೆಯಿಂದ ಅದನ್ನು ಉಳಿಸಿಕೊಂಡಿದ್ದಾರೆ. ಅಲ್ಲಿಗೆ ಹೋಗಿ ನೋಡಿದವನಾಗಿ ಹೇಳುತ್ತೇನೆ, ಅಲ್ಲಿನ ಚರ್ಚೆ ಬಹುಪಾಲು ಇಂಗ್ಲಿಷಿನಲ್ಲಿ ನಡೆಯುತ್ತದೆ. ನಮ್ಮ ಟೈಲರ್ ಅಂಥ ಕಡೆ ಬಾಯಿ ತೆರೆಯುವುದಿಲ್ಲ. ಹೆಗ್ಗೋಡಿನ ನೀನಾಸಂ ಚಿತ್ರಸಮಾಜ ಎಪ್ಪತ್ತರ ದಶಕದಲ್ಲೇ ಅಡಿಕೆ ತೋಟದ ಕೆಲಸಗಾರರನ್ನೂ ಕೂರಿಸಿ ಸತ್ಯಜಿತ್ ರಾಯ್, ಕುರೊಸಾವರ ಚಿತ್ರಗಳನ್ನು ತೋರಿಸಿ ಕನ್ನಡದಲ್ಲಿ ವಿವರಿಸಿತ್ತು. ಜಪಾನಿನ ಸಮುರಾಯಿಗಳು ನಮ್ಮವರಿಗೆ ಅರ್ಥವಾದರೆಂದ ಮೇಲೆ ಪಕ್ಕದ ಮಹಾರಾಷ್ಟ್ರದ ಆನಂದ, ಬಾಳ್ಯಾ ಅರ್ಥವಾಗಲಾರರೇ? ಜಿಲ್ಲೆಯ ಚಿತ್ರಸಮಾಜಗಳು, ಕಾಲೇಜುಗಳ ಸಿನಿಮಾ ಬಳಗಗಳು ವರ್ಷಕ್ಕೆ ಒಂದು ಸಂಜೆಯನ್ನಾದರೂ ಇದಕ್ಕೆ ಕೊಡಬಹುದು.

ಇನ್ನು ಪತ್ರಿಕೆಯಿಂದ ನಾನು ಬಯಸುವುದು: ಮುಂದಿನ ಸಲ ಇಂಥ ಚಿತ್ರದ ಬಗ್ಗೆ ಬರೆಯುವಾಗ ನಿರ್ದೇಶಕರ ಧೈರ್ಯವನ್ನು ಒಂದು ಸಾಲಿನಲ್ಲಿ ಮುಗಿಸಿ, ಉಳಿದ ಜಾಗವನ್ನು ಆ ಅಡುಗೆಮನೆಗೆ, ಆ ಹೊಲಕ್ಕೆ, ಆ ಇಬ್ಬರ ಮಾತಿಗೆ ಕೊಡಿ. ಚಿತ್ರ ಕೆಟ್ಟದಾಗಿದ್ದರೆ ಕೆಟ್ಟದೆಂದೇ ಬರೆಯಿರಿ, ರಿಯಾಯಿತಿ ಬೇಡ.

ಹೆಸರು, ವಿಳಾಸ, ದೂರವಾಣಿ ಸಂಖ್ಯೆಯನ್ನು ಪ್ರತ್ಯೇಕ ಹಾಳೆಯಲ್ಲಿ ಬರೆದು ಲಗತ್ತಿಸಿದ್ದೇನೆ, ಅದನ್ನು ಪ್ರಕಟಿಸಬಾರದಾಗಿ ವಿನಂತಿ. ನನ್ನ ಬಗ್ಗೆ ನನಗೆ ಅಂಜಿಕೆಯಿಲ್ಲ, ಅಕ್ಕ ತಂಗಿಯರಿಗೆ ಗೊತ್ತಿದೆ. ಆದರೆ ಹಾಸನ ಸಣ್ಣ ಊರು. ನನ್ನ ಹೆಸರು ಅಚ್ಚಾದರೆ ಶನಿವಾರ ನನ್ನ ಮನೆಗೆ ಬರುವ ಉಳಿದ ಮೂವರ ಹೆಸರೂ ಅಚ್ಚಾದಂತೆಯೇ, ಮತ್ತು ಟೈಲರ್‌ನ ಮಗಳಿಗೆ ಗಂಡು ನೋಡುತ್ತಿದ್ದಾರೆ. ಕರಡನ್ನು ಮೂವರಿಗೂ ಓದಿ ತೋರಿಸಿದ್ದೇನೆ. ಆಸ್ಪತ್ರೆಯ ಸಂಗತಿಯನ್ನು ಬರೆಯಬಹುದೆಂದು ಕಂಡಕ್ಟರ್ ಒಪ್ಪಿದ. ಒಂದನ್ನು ಸೇರಿಸಲೇಬೇಕೆಂದು ಅವನೇ ಹೇಳಿದ್ದರಿಂದ ಬರೆಯುತ್ತಿದ್ದೇನೆ: ಅಂದು ಥಿಯೇಟರಿನಲ್ಲಿ ನಾನು ಪಿಸುಗುಟ್ಟುವುದನ್ನು ನಿಲ್ಲಿಸಿದ ಮೇಲೆ, ಪರದೆಯ ಮೇಲೆ ಆ ಕೆಂಪು ಹಣ್ಣು ಬಂದಾಗ, ಅವನು ನನ್ನ ಕಡೆ ಬಾಗಿ, “ಇದು ಗೊತ್ತೇನೋ ನಿಂಗೆ? ಮುಳ್ಳು ನಾಲಿಗೆಗೆ ಚುಚ್ಚಿದ್ರೆ ತೆಂಗಿನೆಣ್ಣೆ ಹಚ್ಬೇಕು” ಎಂದ. ಮುಂದಿನ ಸಾಲಿನ ಯುವಕ ಈ ಸಲ ತಿರುಗಲಿಲ್ಲ.

ನಿಮ್ಮ ವಿಶ್ವಾಸಿ,
ಓದುಗ, ಹಾಸನ